ಆಗುಂಬೆಯ ದಾರಿಯಲ್ಲಿ ಆಸರಿಗೆ

ಬಸ್ಸಿನ ಮುಂಬಾಗಿಲ ಪಕ್ಕದ ಕಂಬಿ ಹಿಡಿದು, ಪ್ರಯಾಣಿಕರ ಕಡೆ ಮುಖ ಮಾಡಿ ನಿಲ್ಲುವುದನ್ನು ನಾನು ಮನೆಯಲ್ಲೇ ಅಭ್ಯಾಸ ಮಾಡಿದ್ದೆ. ಕೋಣೆಯ ಬಾಗಿಲು ಹಾಕಿಕೊಂಡು, ಕಪಾಟಿನ ಹಿಡಿಕೆಯನ್ನೇ ಕಂಬಿಯೆಂದುಕೊಂಡು, ಮಂಚಕ್ಕೂ ಕುರ್ಚಿಗೂ ಇಕ್ಕೇರಿಯ ಇತಿಹಾಸ ಹೇಳಿದ್ದೆ. ಮಂಚ ಪ್ರಶ್ನೆ ಕೇಳುವುದಿಲ್ಲ. ನಾಲ್ಕು ಜನ ಸೇರಿದ ಕಡೆ ಮಾತೇ ಹೊರಡದ ನನಗೆ ಅಷ್ಟು ಅನುಕೂಲ ಬೇಕಾಗಿತ್ತು.

ಮೈಸೂರಿನಲ್ಲಿ ಚರಿತ್ರೆಯಲ್ಲಿ ಎಂ.ಎ. ಮುಗಿಸಿ ಸಾಗರಕ್ಕೆ ಬಂದು ಅರ್ಧ ವರ್ಷ ಕಳೆದಿತ್ತು. ಲಿಂಗನಮಕ್ಕಿಯಲ್ಲಿ ಹೊಸದಾಗಿ ನೀರು ನಿಂತಿದ್ದ ಕಾಲ. ಅಣೆಕಟ್ಟು, ಜೋಗ ನೋಡಲು ಹೊರಗಿನಿಂದ ಜನ ಬರುತ್ತಿದ್ದರು. ನಮ್ಮೂರಿನಿಂದ ಆಗುಂಬೆಯವರೆಗೆ ಸರ್ವೀಸ್ ಬಸ್ಸು ಓಡಿಸುತ್ತಿದ್ದ ಸಾಹುಕಾರರೊಬ್ಬರಿಗೆ ಇದನ್ನು ನೋಡಿ ಒಂದು ಯೋಚನೆ ಬಂತು. ಚಳಿಗಾಲದಲ್ಲಿ ಒಂದು ಬಸ್ಸನ್ನು ಪ್ರವಾಸಕ್ಕೆಂದೇ ಬಿಡುವುದು. ಮೊದಲ ದಿನ ಇಕ್ಕೇರಿ, ಕೆಳದಿ, ವರದಮೂಲ. ಎರಡನೆಯ ದಿನ ಹೊಸನಗರ, ನಗರ ಎಂಬ ಊರಿನ ಕೋಟೆ, ತೀರ್ಥಹಳ್ಳಿ, ಕೊನೆಗೆ ಆಗುಂಬೆಯಲ್ಲಿ ಸೂರ್ಯಾಸ್ತ. ಜೊತೆಯಲ್ಲಿ ಹೋಗಿ ಎಲ್ಲವನ್ನೂ ವಿವರಿಸುವ ಒಬ್ಬರು ಬೇಕು. ಅವರು ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಕೇಳಿದರು. ಹೆಣ್ಣುಮಗಳು ಬಸ್ಸಿನಲ್ಲಿ ನಿಂತು ಊರಿಗೆಲ್ಲ ಪಾಠ ಹೇಳುವುದೇ ಎಂದು ಅಪ್ಪ ಬಹಳ ಹೊತ್ತು ಎಲೆಯಡಿಕೆ ತಟ್ಟೆಯನ್ನೇ ನೋಡುತ್ತ ಕೂತರು. ಕೊನೆಗೆ, "ಒಂದ್ಸಲ ಹೋಗಿ ಬರ್ಲಿ. ಅಕ್ಕನೂ ಜೊತಿಗಿರ್ಲಿ" ಎಂದರು. ಅಕ್ಕ ಅಂದರೆ ಅವರ ಅಕ್ಕ, ನನ್ನ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಜೊತೆಗೇ ಇದ್ದವಳು. ಹೊರಡುವುದಕ್ಕೆ ಯಾವತ್ತೂ ತಯಾರಿದ್ದವಳು.

ಸಾಹುಕಾರರು ಅಂಗಳಕ್ಕೆ ಇಳಿದ ಮೇಲೆ ನನ್ನನ್ನು ಕರೆದು ತಮ್ಮ ಷರತ್ತು ಹೇಳಿದರು.

"ನೋಡಮ್ಮ, ದೇವಸ್ಥಾನ, ಕೋಟೆ ಎಲ್ಲ ನೀವು ಹೆಂಗೆ ಹೇಳ್ತೀರೋ ಹೇಳಿ, ನಾನು ತಲೆ ಹಾಕಲ್ಲ. ಆದ್ರೆ ಆಗುಂಬೇಲಿ ಸೂರ್ಯ ಮುಳುಗೋದು ತೋರಿಸ್ತೀವಿ ಅಂತ ಬಸ್ ಸ್ಟ್ಯಾಂಡಲ್ಲಿ ಬೋರ್ಡು ಹಾಕ್ಸಿದೀನಿ. ಅದೊಂದು ತಪ್ಪಬಾರ್ದು. ತೋರಿಸಿದ್ರೆ ಈ ಚಳಿಗಾಲದ ಟ್ರಿಪ್ಪೆಲ್ಲ ನಿಮ್ದೇ. ತಪ್ಪಿದ್ರೆ ಇದೊಂದೇ."

ನನಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳುವುದು ಕಷ್ಟ. ಓದಿದ್ದೆಲ್ಲ ಒಳಗೇ ಮಡಚಿಟ್ಟ ರೇಷ್ಮೆ ಸೀರೆಯ ಹಾಗೆ ಆಗಿತ್ತು. ಅದನ್ನು ಬಿಡಿಸಿ ಗಾಳಿಗೆ ಹಿಡಿಯುವ ಅವಕಾಶ ಮತ್ತೆ ಬರುತ್ತದೆಂಬ ನಂಬಿಕೆ ನನಗಿರಲಿಲ್ಲ.

ಮೊದಲ ದಿನ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಹೋಯಿತು. ಬಸ್ಸಿನಲ್ಲಿದ್ದವರಲ್ಲಿ ಹೆಚ್ಚಿನವರು ಸಾಗರದವರೇ. "ಇಕ್ಕೇರಿ ನೋಡಕ್ಕೆ ಬಸ್ಸು ಬೇಕಾ? ನಮ್ಮ ಎಮ್ಮೆ ದಿನಾ ನೋಡ್ಕೊಂಡು ಬರ್ತದೆ" ಎಂದು ಹೊರಡುವಾಗಲೇ ಒಬ್ಬರು ನಗಿಸಿದರು. ಅವರು ನಿವೃತ್ತ ಪ್ರೈಮರಿ ಮೇಷ್ಟ್ರು. ಹೊಸನಗರದ ಕಡೆ ಹಳ್ಳಿಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಬಂದವರು, ಮುಂದಿನ ಸೀಟಿನಲ್ಲಿ ನನ್ನ ಎದುರಿಗೇ ಕೂತಿದ್ದರು. ಆದರೆ ಅಘೋರೇಶ್ವರನ ಗುಡಿಯೊಳಗೆ ನೆಲದ ಕಲ್ಲಿನಲ್ಲಿ ಅಡ್ಡಬಿದ್ದ ಹಾಗೆ ಕೊರೆದಿರುವ, ಕೆಳದಿಯನ್ನಾಳಿದ ನಾಯಕರ ಚಿತ್ರಗಳನ್ನು ತೋರಿಸಿದಾಗ, ಇಷ್ಟು ವರ್ಷ ಅದರ ಮೇಲೆಯೇ ಕಾಲಿಟ್ಟು ಕೈಮುಗಿಯುತ್ತಿದ್ದವರು ಥಟ್ಟನೆ ಹಿಂದೆ ಸರಿದರು. ಮೇಷ್ಟ್ರು ಚಪ್ಪಲಿ ಹಾಕಿರದಿದ್ದರೂ ಬಗ್ಗಿ ತಮ್ಮ ಪಾದ ನೋಡಿಕೊಂಡರು. ರಾಜರೇ ಜನರ ಕಾಲ ಕೆಳಗೆ ಮಲಗಲು ಬಯಸಿದ್ದರು ಎಂದು ನಾನು ಹೇಳಿದೆ. ನನ್ನ ದನಿ ಆ ಕಲ್ಲಿನ ಮಂಟಪದಲ್ಲಿ ತುಂಬಿ ನನಗೇ ವಾಪಸು ಕೇಳಿಸಿತು. ಅದು ನಡುಗುತ್ತಿರಲಿಲ್ಲ.

ಸಂಜೆ ಸಾಗರಕ್ಕೆ ಮರಳಿ ಎಲ್ಲರೂ ಅವರವರ ಮನೆಯಲ್ಲೋ ನೆಂಟರಲ್ಲೋ ಮಲಗಿ, ಬೆಳಗ್ಗೆ ಮತ್ತೆ ಬಸ್ಸು ಹತ್ತಿದೆವು. ಇಬ್ಬನಿಯಲ್ಲಿ ಬಸ್ಸಿನ ಗಾಜು ಬೆಳ್ಳಗಾಗಿತ್ತು. ಡ್ರೈವರು ಬನಿಯನ್ ತುಂಡಿನಿಂದ ಒರೆಸಿ, "ಹೊರಡೋಣ್ವಾ ಅಮ್ಮ?" ಎಂದರು. ನಾನು ಹೂಂ ಎಂದರೆ ಒಂದು ಬಸ್ಸು ಹೊರಡುತ್ತದೆ! ಸಾಹುಕಾರರು ಮುಂಜಾನೆಯ ಸರ್ವೀಸ್ ಬಸ್ಸಿನಲ್ಲಿ ಆಗುಂಬೆಗೆ ಹೋಗಿಯಾಗಿತ್ತು. ನಾವು ಬರುವ ಹೊತ್ತಿಗೆ ಅಲ್ಲಿ ಕಾಫಿ ತಯಾರಿಡಿಸಿ ಕಾಯುವುದಾಗಿ ಹೇಳಿದ್ದರು.

ಹೊಸನಗರ ಇನ್ನೂ ದೂರವಿರುವಾಗಲೇ ಒಂದು ತಿರುವಿನಲ್ಲಿ ಜನ ಕೈ ಅಡ್ಡ ಹಿಡಿದು ನಿಂತಿದ್ದರು. ಏನೋ ಅವಘಡವೆಂದು ಡ್ರೈವರು ಬ್ರೇಕ್ ಹಾಕಿದರು. ಅವಘಡವಲ್ಲ. ರಸ್ತೆಯ ಬದಿಯ ಹುಲ್ಲಿನ ಮೇಲೆ ಉದ್ದಕ್ಕೆ ಚಾಪೆ ಹಾಸಿತ್ತು. ತಾಮ್ರದ ಕೊಡ, ಲೋಟಗಳು, ಬಾಳೆಲೆಯ ಮೇಲೆ ಬೆಲ್ಲದ ಉಂಡೆಗಳು.

"ಮೇಷ್ಟ್ರೇ, ಬಂದ್ರಾ? ಇಳೀರಿ, ಇಳೀರಿ, ಎಲ್ರೂ ಇಳೀರಿ" ಎಂದು ಒಬ್ಬ ರೈತ ಬಸ್ಸಿನ ಬಾಗಿಲನ್ನೇ ಹಿಡಿದುಕೊಂಡ.

ಅವನು ಮೇಷ್ಟ್ರ ಹಳೆಯ ಶಿಷ್ಯ. ಈ ದಾರಿಯಲ್ಲಿ ಹೋಗುತ್ತಿದ್ದೇನೆಂದು ಮೇಷ್ಟ್ರು ಹಿಂದಿನ ವಾರವೇ ಸರ್ವೀಸ್ ಬಸ್ಸಿನ ಕಂಡಕ್ಟರ ಹತ್ತಿರ ಹೇಳಿ ಕಳಿಸಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಆಮೇಲೆ ಕಷಾಯವೋ ಕಾಫಿಯೋ. ನಮ್ಮ ಮನೆಗಳಲ್ಲಿ ಅದಕ್ಕೆ ಆಸರಿಗೆ ಎನ್ನುತ್ತೇವೆ. ಕೊಡದಿದ್ದರೆ ಕೊಡದವರಿಗೆ ಅವಮಾನ, ಕುಡಿಯದೆ ಹೋದರೆ ಕೊಟ್ಟವರಿಗೆ ಅವಮಾನ. ಬಂದವರು ನಿಂತು ಕುಡಿಯಕೂಡದು, ಕೂರಬೇಕು. ಕೊಡುವವರು, ಬಂದವರು ಕುಡಿದು ಮುಗಿಸುವ ತನಕ ಕೂರಕೂಡದು. ಆದ್ದರಿಂದ ಒಂದು ಬಸ್ಸು ಜನ ಇಳಿದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಲ್ಲ ಕಚ್ಚಿ ನೀರು ಕುಡಿದರು. ಆಮೇಲೆ ಕಷಾಯ ಬಂತು. ಕಷಾಯದ ಜೊತೆ ಅವಲಕ್ಕಿ ಬಂತು. ಅವಲಕ್ಕಿಯ ಹಿಂದೆ ಬಾಳೆಹಣ್ಣು ಬಂತು. ನಾನು ಬಸ್ಸಿನ ಮೆಟ್ಟಿಲ ಹತ್ತಿರ ನಿಂತು, ಹತ್ತುವವರಿಗೆ ಕೈ ಕೊಡುತ್ತ, ಇಬ್ಬನಿ ಕರಗುವುದನ್ನೇ ನೋಡುತ್ತಿದ್ದೆ.

ಹೊಸನಗರ ದಾಟಿ ಸ್ವಲ್ಪ ದೂರಕ್ಕೆ ಎರಡನೆಯ ಚಾಪೆ. ಅದು ಹಿಂದಿನ ಸೀಟಿನ ದಂಪತಿಗಳ ಬೀಗರದು. ಅಲ್ಲಿ ಕಷಾಯದ ಬದಲು ಕಾಫಿ, ಅವಲಕ್ಕಿಯ ಬದಲು ದೋಸೆ. ದೋಸೆಯನ್ನು ಮನೆಯಿಂದ ಬಿಸಿಬಿಸಿಯಾಗಿ ಒಂದೊಂದೇ ತರುತ್ತಿದ್ದರು.

"ಇದೆಂತಕ್ಕೆ ಎಲ್ಲರೂ ಹೇಳಿ ಕಳಿಸಿದ್ದ?" ಎಂದು ನಾನು ಅತ್ತೆಯ ಕಿವಿಯಲ್ಲಿ ನಮ್ಮ ಮನೆಮಾತಿನಲ್ಲಿ ಕೇಳಿದೆ.

"ಅವ್ರ ಮನೆ ಮುಂದೇ ಹೋಪದು. ಹೇಳ್ದೇ ಹೋಪಲೆ ಆಗ್ತಾ?" ಎಂದಳು ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಹೇಳದೆ ಹೋಗುವುದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಯನ್ನ ನಾದಿನಿಗೆ ನಾನೂ ಹೇಳಿ ಕಳ್ಸಿದ್ದಿ. ಮೇಗರವಳ್ಳಿ ಹತ್ರ ಇದ್ದು ಅವ್ರ ಮನೆ. ಆದ್ರೆ ಎಂತದೂ ಮಾಡಡಿ ಹೇಳಿ ಸರಿಯಾಗಿ ಹೇಳಿದ್ದಿ."

ಎಂತದೂ ಮಾಡಬೇಡಿ ಎಂದು ಹೇಳಿ ಕಳಿಸಿದ ಮೇಲೆ ನಮ್ಮ ಕಡೆ ಯಾರೂ ಏನೂ ಮಾಡದೆ ಇರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಗರದ ಕೋಟೆಯ ಬುಡಕ್ಕೆ ಬರುವಾಗ ಬಿಸಿಲು ಆಗಲೇ ಬಲಿತಿತ್ತು. ಕೋಟೆಯ ಮಾತನ್ನು ಅರ್ಧ ಮಾಡಿ ಮುಗಿಸೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಬುರುಜಿನ ಮೇಲೆ ಹತ್ತಿ ನಿಂತಾಗ, ಕೆಳಗೆ ಕೆರೆಯ ನೀರು, ಅದರಾಚೆ ಬೆಟ್ಟದ ಸಾಲು, ಒಂದು ಕಾಲಕ್ಕೆ ದೊಡ್ಡ ಪಟ್ಟಣವಾಗಿದ್ದ ಜಾಗದಲ್ಲಿ ಹುಲ್ಲು ತೂಗುವುದು, ಎಲ್ಲ ಒಟ್ಟಿಗೆ ಕಣ್ಣಿಗೆ ಬಿತ್ತು. ನಾನು ಅರ್ಧ ಮಾಡಲಿಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ರಾಜಧಾನಿ ಹೇಗೆ ಕಾಡಿನೊಳಗೆ, ಇನ್ನಷ್ಟು ಕಾಡಿನೊಳಗೆ ನಡೆದುಕೊಂಡು ಬಂತೆಂದು ಹೇಳಿದೆ. ಸಂತೆ ಎಲ್ಲಿತ್ತು, ದಂಡು ಎಲ್ಲಿ ಇಳಿಯುತ್ತಿತ್ತು ಎಂದು ಜನ ಕೇಳತೊಡಗಿದರು. ಗೊತ್ತಿದ್ದುದಕ್ಕೆ ಉತ್ತರ ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಅಕ್ಕ ತಂಗಿಯರ ಕೊಳದ ಹತ್ತಿರ ಇಬ್ಬರು ಅಕ್ಕತಂಗಿಯರು ಯಾವ ಕೊಳ ಯಾರದೆಂದು ಜಗಳಕ್ಕೆ ನಿಂತರು. ಅವರನ್ನು ಬಸ್ಸಿಗೆ ಕರೆದುಕೊಂಡು ಬರುವುದೇ ಕೆಲಸವಾಯಿತು.

ಅಲ್ಲೇ ಎದುರಿನಿಂದ ಸರ್ವೀಸ್ ಬಸ್ಸು ಬಂದು ನಿಂತಿತು. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮ ಡ್ರೈವರಿಗೆ ಕೂಗಿದರು.

"ಏನಣ್ಣ, ದಿಬ್ಬಣನಾ? ಮುಂದೆ ಉದ್ದಕ್ಕೂ ನಿಮ್ಗೆ ಚಾಪೆ ಹಾಸ್ಕೊಂಡು ನಿಂತಿದಾರೆ. ಒಂದ್ಕಡೆ ಅಂತೂ ಪಾಯಸದ ಉರುಳಿ ಪಾತ್ರೆನೇ ರಸ್ತೆಗೆ ತಂದಿಟ್ಟಿದಾರೆ!"

ಬಸ್ಸಿನ ತುಂಬ ನಗು. ನಮ್ಮ ಡ್ರೈವರು ನಗಲಿಲ್ಲ. ಸೂರ್ಯನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಅಮ್ಮ, ಹಿಂಗೇ ಆದ್ರೆ ಆಗುಂಬೇಲಿ ನಾವು ಚಂದ್ರನ್ನ ನೋಡ್ಬೇಕಾಗ್ತದೆ. ನಿಲ್ಲಿಸ್ದೆ ಹೋಗ್ಬಿಡ್ಲಾ?" ಎಂದರು.

ಮುಂದೆ ಯಾರ ನೆಂಟರು ಯಾವ ತಿರುವಿನಲ್ಲಿ ನಿಂತಿದ್ದಾರೆಂದು ಅವರವರಿಗೆ ಗೊತ್ತಿತ್ತು. ಮಧ್ಯದ ಸೀಟಿನಲ್ಲಿದ್ದ ಹೆಂಗಸೊಬ್ಬರು, "ನಮ್ಮಣ್ಣ ಬೆಳಗಿಂದ ಕಾಯ್ತಿರ್ತಾನೆ" ಎಂದು ಯಾರಿಗೆಂದಿಲ್ಲದೆ ಹೇಳಿದರು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ನಾದಿನಿಯ ಮುಂದೆ ಬಸ್ಸು ಧೂಳೆಬ್ಬಿಸಿಕೊಂಡು ಹೋಗಿಬಿಟ್ಟರೆ ಆ ಮನೆಯ ಬೇಲಿಬಾಗಿಲ ಉಣಗೋಲು ದಾಟಿ ಅವಳು ಇನ್ನೊಮ್ಮೆ ಒಳಗೆ ಹೋಗುವಂತಿರಲಿಲ್ಲ. ನಿಲ್ಲಿಸುತ್ತ ಹೋದರೆ ನನ್ನ ಕೆಲಸ ಆಗುಂಬೆಯ ಕತ್ತಲಲ್ಲಿ ಮುಗಿಯುತ್ತದೆ.

"ಹೊರಡಿ, ಹೇಳ್ತೀನಿ" ಎಂದೆ. ಏನು ಹೇಳುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಕಂಬಿ ಹಿಡಿದು ಜನರ ಕಡೆ ಮುಖ ಮಾಡಿ ನಿಂತೆ. ಎರಡು ಸಾಲಿನಲ್ಲಿ ಎಲ್ಲರೂ ಕೂತಿದ್ದರು, ಮಡಿಲಲ್ಲಿ ಕೈ ಇಟ್ಟುಕೊಂಡು, ಯಾರದೋ ಮನೆಯ ಜಗುಲಿಯಲ್ಲಿ ಕೂತ ಹಾಗೆ. ನಾನೊಬ್ಬಳೇ ನಿಂತಿದ್ದೆ. ಅದನ್ನು ಎರಡು ದಿನದಿಂದ ನೋಡುತ್ತಲೇ ಇದ್ದೆ, ಆದರೆ ಆಗ ಕಣ್ಣಿಗೆ ಬಿತ್ತು. ಬಂದವರು ಕೂರಬೇಕು ತಾನೆ? ಇವರು ಕೂತೇ ಇದ್ದಾರೆ. ಕೊಡುವವರು ನಿಲ್ಲಬೇಕು ತಾನೆ? ಅವರು ನಿಲ್ಲುವುದಕ್ಕೆ ಇಲ್ಲಿ ನಡುವೆ ದಾರಿಯಿದೆ. ರಾತ್ರಿ ನಾವು ಇದೇ ರಸ್ತೆಯಲ್ಲಿ ಹಿಂದಿರುಗುತ್ತೇವೆ.

ಮುಂದಿನ ತಿರುವಿನಲ್ಲಿ ಚಾಪೆಯ ಪಕ್ಕ ಒಬ್ಬ ಹಿರಿಯರು ಶಾಲು ಹೊದ್ದು ನಿಂತಿದ್ದರು. ಹೆಂಡತಿ ಕೊಡ ಹಿಡಿದಿದ್ದರು. ನಾನು ಮೊದಲು ಇಳಿದೆ. ಅಭ್ಯಾಸ ಮಾಡದ ಮಾತನ್ನು ಅಪರಿಚಿತರ ಮುಂದೆ ಆಡಿದ್ದು ಅದೇ ಮೊದಲು.

"ಅವರು ಇಳಿಯೋದು ಬೇಡ. ನೀವೇ ಹತ್ತಿ. ಬಸ್ಸಿನಲ್ಲೇ ಕೊಡಿ. ಆಗುಂಬೆ ನೋಡಿಕೊಂಡು ರಾತ್ರಿ ಇಲ್ಲೇ ಇಳಿಸ್ತೇವೆ."

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಸ್ಸಲ್ಲಾ? ಅದು ಯಾರ ಮನೆ? ಬೇರೆಯವ್ರ ಮನೇಲಿ ನಾನು ಆಸರಿಗೆ ಕೊಡದು ಹೆಂಗೆ?"

ಕಿಟಕಿಯಿಂದ ಅತ್ತೆಯ ದನಿ ಬಂತು. "ನಿಮ್ಮ ಜಗುಲಿಗೇ ಗಾಲಿ ಹಚ್ಚಿದ್ದ ಹೇಳಿ ತಿಳ್ಕಳಿ! ಹತ್ತಿ, ಹತ್ತಿ, ಯಂಗ ಎಷ್ಟೊತ್ತು ಬಾಯಾರಿ ಕೂತಿರವು?"

ಬಾಯಾರಿದ್ದಾರೆ ಎಂದ ಮೇಲೆ ಅವರು ಇನ್ನೇನೂ ಯೋಚಿಸಲಿಲ್ಲ. ಪಂಚೆ ಎತ್ತಿ ಕಟ್ಟಿ ಹತ್ತಿದರು. ಕೊಡ ಹತ್ತಿತು, ಲೋಟದ ಬುಟ್ಟಿ ಹತ್ತಿತು, ಹೆಂಡತಿ ಹತ್ತಿದರು, ಚಾಪೆಯನ್ನು ಸುರುಳಿ ಸುತ್ತಿ ಹಿಂದಿನಿಂದ ಸೊಸೆ ಹತ್ತಿದಳು. ಡ್ರೈವರು ಹಾರನ್ ಹೊಡೆದರು. ಅದು ಬೇಕಿರಲಿಲ್ಲ, ಖುಷಿಗೆ.

ಅಲ್ಲಿಂದ ಮುಂದೆ ಆ ಬಸ್ಸು ಹೇಗಿತ್ತೆಂದು ಬರೆಯಲು ನನಗೆ ಶಕ್ತಿ ಸಾಲದು. ಒಂದೊಂದು ತಿರುವಿಗೂ ಒಂದೊಂದು ಮನೆ ಹತ್ತಿತು. ಓಡುವ ಬಸ್ಸಿನಲ್ಲಿ ನಿಂತು ಕಷಾಯ ಬಗ್ಗಿಸುವವರು ಸೀಟಿನ ಹಿಡಿಗೆ ಮೊಣಕೈ ಕೊಟ್ಟು ನಿಂತರು. ತಿರುವು ಬಂದಾಗ ಎಲ್ಲರೂ ಲೋಟವನ್ನು ತಲೆಯ ಮೇಲೆ ಎತ್ತಿದರು. ನೀರು ಚೆಲ್ಲಿತು, ಬೆಲ್ಲ ಸೀಟಿನ ಕೆಳಗೆ ಉರುಳಿತು. ಪಾಯಸದ ಉರುಳಿಯನ್ನು ಬಾನೆಟ್ಟಿನ ಪಕ್ಕ ಇಟ್ಟಿದ್ದರಿಂದ ಅದು ಆಗುಂಬೆಯವರೆಗೂ ಬಿಸಿಯಾಗಿಯೇ ಇತ್ತು. ನೆಂಟರಿಗೆ ನೆಂಟರ ಪರಿಚಯವಾಯಿತು. "ನೀವು ಅವ್ರ ಮಾವನ ಕಡೆಯೋರಾ? ಹಂಗಾದ್ರೆ ನಮ್ಗೂ ಆಗ್ಬೇಕು ಬಿಡಿ" ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ಮೇಷ್ಟ್ರು ಎದ್ದು ಒಬ್ಬ ಅಜ್ಜಿಗೆ ಜಾಗ ಬಿಡಲು ಹೋದರೆ ಅಜ್ಜಿ ಗದರಿದರು: "ಕೂರಿ ಮಾರಾಯ್ರೇ, ನೀವು ಬಂದೋರು!" ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಯಾರಿಗೂ ಹಸಿವಿರಲಿಲ್ಲ. ಕಾಲು ನೀರಿನಲ್ಲಿ ಇಳಿಬಿಟ್ಟು, ದೂರದ ಕಮಾನು ಸೇತುವೆ ನೋಡಿ, ಬುತ್ತಿ ಕಟ್ಟಿಕೊಂಡು ಮತ್ತೆ ಹತ್ತಿದೆವು.

ಮೇಗರವಳ್ಳಿಯ ಹತ್ತಿರ ಅತ್ತೆಯ ನಾದಿನಿ ಒಬ್ಬರೇ ನಿಂತಿದ್ದರು. ಬಿಳಿ ಸೀರೆ, ಬರಿಗಾಲು, ಕೈಯಲ್ಲಿ ಹಿತ್ತಾಳೆಯ ಚೆಂಬು. ಬಸ್ಸಿನಲ್ಲಿ ನಿಲ್ಲಲು ಜಾಗವೇ ಇರಲಿಲ್ಲ.

"ಎಂತದೂ ಮಾಡಡಿ ಹೇಳಿ ಹೇಳಿದ್ದಿ" ಎಂದಳು ಅತ್ತೆ ಕಿಟಕಿಯಿಂದ.

"ಎಂತದೂ ಮಾಡಿದ್ದಿಲ್ಲೆ. ಬರೀ ನೀರು, ಬೆಲ್ಲ" ಎಂದರು ಅವರು. ಆಗುಂಬೆಯ ತನಕ ಬರಬೇಕೆಂದಾಗ, "ಅಲ್ಲಿ ಎಂತ ಇದ್ದು? ಸೂರ್ಯ ಯಂಗ್ಳ ಅಂಗಳದಲ್ಲೂ ಮುಳುಗ್ತ" ಎಂದರು. ಇಷ್ಟು ಹತ್ತಿರವಿದ್ದೂ ಅವರು ಆಗುಂಬೆ ಕಂಡಿರಲಿಲ್ಲ. ಆದರೆ ಅತ್ತೆ ಕೈ ಚಾಚಿದಳು, ಅವರು ಹತ್ತಿ ನನ್ನ ಪಕ್ಕ ಮೆಟ್ಟಿಲಲ್ಲಿ ನಿಂತರು. ಬಿಸಿಲು ಮರಗಳ ನಡುವೆ ಅಡ್ಡವಾಗಿ ಬೀಳುತ್ತಿತ್ತು, ಹೊಂಬಣ್ಣಕ್ಕೆ ತಿರುಗಿತ್ತು. ನಾನು ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿದ ಮೇಲೂ ಅಂಗೈಯಲ್ಲಿ ಅದರ ಗುರುತಿತ್ತು.

ಘಟ್ಟದ ತಲೆಯ ತಿರುವಿನಲ್ಲಿ ಬಸ್ಸು ನಿಂತಾಗ ಸೂರ್ಯ ಇನ್ನೂ ಇದ್ದ. ಎದುರಿಗೆ ಕಾಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಹೋಗಿತ್ತು. ಅದರ ಕೊನೆಗೆ ಒಂದು ಬೆಳ್ಳಿಯ ಗೆರೆ, ಸಮುದ್ರ.

ಕಟ್ಟೆಯ ಹತ್ತಿರ ಕಾಯುತ್ತಿದ್ದ ಸಾಹುಕಾರರು ನಗುತ್ತ ಮುಂದೆ ಬಂದರು. ಬಸ್ಸಿನಿಂದ ಜನ ಇಳಿಯತೊಡಗಿದರು. ಇಳಿಯುತ್ತಲೇ ಇದ್ದರು. ಕೊಡಗಳು ಇಳಿದವು, ಚಾಪೆಗಳು ಇಳಿದವು, ಉರುಳಿ ಇಳಿಯಿತು. ಸಾಹುಕಾರರ ನಗು ನಿಂತಿತು.

"ಇದೇನಮ್ಮ ಇದು? ಇವ್ರೆಲ್ಲ ಯಾರು? ಬಸ್ಸು ಅಂದ್ಕೊಂಡ್ರಾ, ಸಂತೆ ಅಂದ್ಕೊಂಡ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ನಾದಿನಿ ಚೆಂಬು ಹಿಡಿದು ಅವರ ಮುಂದೆ ನಿಂತಿದ್ದರು.

"ಕೂತ್ಗಳಿ. ಆಸರಿಗೆ ಕುಡಿದು ಮಾತಾಡಿ."

"ಅಲ್ಲಮ್ಮ, ನಾನು ಕೇಳ್ತಿರೋದು..."

"ಕೂತ್ಗಳಿ."

ಸಾಹುಕಾರರು ಕಟ್ಟೆಯ ಮೇಲೆ ಕೂತರು. ಒಂದು ಕೈಗೆ ಬೆಲ್ಲ, ಇನ್ನೊಂದು ಕೈಗೆ ಲೋಟ ಬಂತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಯಾರೂ ಜಗಳ ಆಡಲಾರರು. ಅಷ್ಟರಲ್ಲಿ ಡ್ರೈವರು, "ನೋಡಿ, ನೋಡಿ!" ಎಂದು ಕೂಗಿದರು.

ನಾನು ಈ ಜಾಗಕ್ಕೆಂದು ನಾಲ್ಕು ಮಾತು ಸಿದ್ಧಮಾಡಿಕೊಂಡಿದ್ದೆ. ಆಡಲಿಲ್ಲ. ಸೂರ್ಯ ಅಂಚಿಗೆ ತಾಗಿ, ಮೊದಲು ದೋಸೆಯ ಕಾವಲಿಯಂತೆ ಚಪ್ಪಟೆಯಾದ, ಆಮೇಲೆ ಕೊಡದಂತೆ ಉದ್ದವಾದ, ನೀರಿಗಿಳಿದ. ಕೊನೆಯ ಚೂರು ಹೋಗುವಾಗ ನಾದಿನಿ ಖಾಲಿ ಚೆಂಬನ್ನು ಎದೆಗೆ ಒತ್ತಿಕೊಂಡಿದ್ದರು. "ಯಂಗ್ಳ ಅಂಗಳದಲ್ಲಿ ಹಿಂಗೆ ಮುಳುಗ್ತ್ನಿಲ್ಲೆ" ಎಂದು ಮೆಲ್ಲಗೆ ಅತ್ತೆಗೆ ಹೇಳಿದರು.

ಸಾಹುಕಾರರು ಎದ್ದು ನನ್ನ ಹತ್ತಿರ ಬಂದರು. ಲೋಟ ಇನ್ನೂ ಕೈಯಲ್ಲೇ ಇತ್ತು.

"ಇವ್ರೆಲ್ಲ ಯಾರು ಅಂತ ಕೇಳ್ದೆ."

"ದಾರಿಯ ಮನೆಯವರು" ಎಂದೆ.

ಹಿಂದಿನಿಂದ ಶಾಲಿನ ಹಿರಿಯರು ಕೇಳಿದರು: "ಸಾಹುಕಾರ್ರೇ, ಮುಂದಿನ ಬಸ್ಸು ಯಾವತ್ತು? ನಾವು ನಗರದ ಕೋಟೆಗೆ ಇಷ್ಟು ಹತ್ರ ಇದ್ದೂ ನೋಡಿಲ್ಲ. ಈ ಹುಡುಗೀನೇ ಬಂದು ಹೇಳೋದಾದ್ರೆ ನಮ್ಮ ಮನೆಯೋರೆಲ್ಲ ಬರ್ತೀವಿ." ರೈತಾಪಿ ಹೆಂಗಸೊಬ್ಬರು, "ನಮ್ಗೂ ಜಾಗ ಇಡ್ರಿ" ಎಂದರು. ಅವರ ಹಿಂದೆ ಇನ್ನೂ ಯಾರೋ.

ಸಾಹುಕಾರರು ಕಣ್ಣಲ್ಲೇ ತಲೆ ಎಣಿಸಿದರು. "ಮುಂದಿನ ವಾರ ಹೊರಡೋದೇ" ಎಂದರು ನನಗೆ. "ಆದ್ರೆ ಈ ಸಲ ಮುಂಚೆ ಯಾರಿಗೂ ಹೇಳಿ ಕಳಿಸ್ಕೂಡ್ದು. ಅದು ರೂಲ್ಸು."

"ಹೇಳ್ದೇ ಹೋಪಲೆ ಆಗ್ತಾ?" ಎಂದಳು ಅತ್ತೆ.

ನಾನು ಮುಖ ತಿರುಗಿಸಿಕೊಂಡು ಕಣಿವೆಯ ಕಡೆ ನೋಡಿದೆ, ನನ್ನ ಮುಖ ಅವರಿಗೆ ಕಾಣುವುದು ಬೇಡವೆಂದು. ಕಾಡಿನ ಮೇಲೆ ಇನ್ನೂ ಕೆಂಪು ಉಳಿದಿತ್ತು. ಓಡಬೇಕು, ಕೂಗಬೇಕು ಎನ್ನಿಸುತ್ತಿತ್ತು. ಎರಡನ್ನೂ ಮಾಡಲಿಲ್ಲ.

ಹಿಂದಿರುಗಲು ಬಸ್ಸು ಹತ್ತಿದಾಗ ನಾನು ಎಂದಿನಂತೆ ಕಂಬಿಗೆ ಕೈ ಹಾಕಿದೆ. ಅತ್ತೆ ಸರಿದು ಜಾಗ ಮಾಡಿ ನನ್ನ ಕೈ ಹಿಡಿದು ಎಳೆದಳು.

"ಬೆಳಗಿಂದ ಎಲ್ಲರೂ ಕುಡಿದ, ನೀನೊಬ್ಬಳೇ ಕುಡಿದ್ದಿಲ್ಲೆ. ಕೂರು."

ನಿಜ. ನಿಂತವಳಿಗೆ ಯಾರು ತಾನೆ ಕೊಡುತ್ತಾರೆ? ನಾನು ಕೂತೆ. ಚೆಂಬಿನಲ್ಲಿ ಏನೂ ಉಳಿದಿರಲಿಲ್ಲವಾದ್ದರಿಂದ ಯಾವುದೋ ಮನೆಯ ಕೊಡದ ತಳದಿಂದ ನೀರು ಬಗ್ಗಿಸಿದರು. ಸೀಟಿನ ಕೆಳಗೆ ಹುಡುಕಿ ಮೇಷ್ಟ್ರು ಒಂದು ಬೆಲ್ಲದ ಉಂಡೆ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ ಕೊಟ್ಟರು. ಅತ್ತೆಯ ನಾದಿನಿ ಮುಂದೆ ನಿಂತೇ ಇದ್ದರು. ಬಸ್ಸು ಮೊದಲ ತಿರುವು ತಿರುಗಿತು. ನಾನು ಲೋಟವನ್ನು ತಲೆಯ ಮೇಲೆ ಎತ್ತಿದೆ.